ಮಚ್ಚೆ ತೆಗೆಸುವ ಮುನ್ನ: ಗುರುತಿಸುವುದರಿಂದ ಗಾಯ ಮಾಯುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಬೇಸಿಗೆಯ ಮದುವೆಗಳು ಹತ್ತಿರ ಬಂದವೆಂದರೆ ನಮ್ಮ ಕಡೆಯ ಚರ್ಮರೋಗ ವಿಭಾಗಗಳ ಮುಂದೆ ಮದುಮಕ್ಕಳ ಪಾಳಿ ಬೆಳೆಯುತ್ತದೆ. ಗಲ್ಲದ ಮಚ್ಚೆ ಹೋಗಬೇಕು, ಕುತ್ತಿಗೆಯ ನರಹುಲಿ ಹೋಗಬೇಕು, ಫೋಟೊದಲ್ಲಿ ಒಂದು ಚುಕ್ಕಿಯೂ ಕಾಣಬಾರದು. ಆ ಆಸೆಯಲ್ಲಿ ತಪ್ಪಿಲ್ಲ, ತೆಗೆಸುವುದು ದೊಡ್ಡ ಕೆಲಸವೂ ಅಲ್ಲ. ಆದರೆ ಅದೇ ಪಾಳಿಯಲ್ಲಿ ಸುಣ್ಣ-ಸೋಡಾ ಹಚ್ಚಿಕೊಂಡು ಕೆನ್ನೆ ಸುಟ್ಟುಕೊಂಡ ಹುಡುಗಿಯೂ ನಿಂತಿರುತ್ತಾಳೆ. ಅಪರೂಪಕ್ಕೊಮ್ಮೆ, ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳಿನ ಗುರುತೆಂದು ಬಿಟ್ಟು, ಅದು ಹುಣ್ಣಾದ ಮೇಲೆ ಕುಂಟುತ್ತಾ ಬಂದ ಅವ್ವನೂ ಇರುತ್ತಾಳೆ.

ಚರ್ಮರೋಗ ವಿಭಾಗದ ಮೈನರ್ ಓಟಿಯಲ್ಲಿ, ಅಂದರೆ ಸಣ್ಣ ಆಪರೇಷನ್ ಮಾಡುವ ಕೋಣೆಯಲ್ಲಿ, ನರ್ಸ್ ಆಗಿರುವ ನಾನು ಈ ಮೂವರಿಗೂ ಹೇಳುವುದು ಒಂದೇ ಮಾತು: ತೆಗೆಸುವ ಮೊದಲು ಅದು ಏನೆಂದು ತಿಳಿದುಕೊಳ್ಳಿ, ತೆಗೆದ ಮಚ್ಚೆಯನ್ನು ಲ್ಯಾಬಿಗೆ ಕಳಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವ ಊರಿನಲ್ಲಿದ್ದರೂ ಇದು ಸಾಧ್ಯವಿದೆ. ಹೇಗೆಂದು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಅದು ನಿಜಕ್ಕೂ ಮಚ್ಚೆಯೇ?

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವ ಜೀವಕೋಶಗಳಿಗೆ ಮೆಲನೋಸೈಟ್ ಎನ್ನುತ್ತಾರೆ. ಇವು ಸಾಮಾನ್ಯವಾಗಿ ಚರ್ಮದ ಮೇಲ್ಪದರದ ತಳದಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಒಂದು ಕಡೆ ಗುಂಪುಗೂಡಿ ಬೆಳೆದರೆ ಅದೇ ಮಚ್ಚೆ. ಹುಟ್ಟುವಾಗಲೇ ಮಚ್ಚೆ ಇರುವುದು ನೂರು ಕೂಸುಗಳಲ್ಲಿ ಸುಮಾರು ಒಂದಕ್ಕೆ ಮಾತ್ರ. ಉಳಿದವು ಹೆಚ್ಚಾಗಿ ಬಾಲ್ಯದಿಂದ ಹಿಡಿದು ಮೂವತ್ತು ಮೂವತ್ತೈದರ ವಯಸ್ಸಿನೊಳಗೆ ಒಂದೊಂದಾಗಿ ಕಾಣಿಸಿಕೊಳ್ಳುವಂಥವು.

ಮಚ್ಚೆಗೂ ವಯಸ್ಸಾಗುತ್ತದೆ. ಚಿಕ್ಕಂದಿನಲ್ಲಿ ಅದು ಚರ್ಮಕ್ಕೆ ಅಂಟಿದ ಚಪ್ಪಟೆ ಕಪ್ಪು ಚುಕ್ಕಿ. ಹರೆಯದಲ್ಲಿ ಸ್ವಲ್ಪ ಉಬ್ಬುತ್ತದೆ. ನಡುವಯಸ್ಸಿನ ಹೊತ್ತಿಗೆ ಬಣ್ಣ ತಿಳಿಯಾಗಿ ಮೆತ್ತನೆಯ ಗುಬುಟು ಆಗಬಹುದು, ಅದರಲ್ಲಿ ಒಂದೆರಡು ಕೂದಲೂ ಬರಬಹುದು. ಇದು ವರ್ಷಗಳ ಲೆಕ್ಕದಲ್ಲಿ ನಿಧಾನಕ್ಕೆ ಆಗುವ ಬದಲಾವಣೆ, ಇದಕ್ಕೆ ಹೆದರಬೇಕಿಲ್ಲ. ಮಚ್ಚೆಯ ಕೂದಲು ಕಿತ್ತರೆ ಕ್ಯಾನ್ಸರ್ ಬರುತ್ತದೆ ಎಂಬುದೂ ಸುಳ್ಳು. ಕಿತ್ತ ಜಾಗ ಕೀವಾಗಬಹುದು, ಹಾಗಾಗಿ ಸಣ್ಣ ಕತ್ತರಿಯಲ್ಲಿ ಕತ್ತರಿಸಿಕೊಳ್ಳುವುದು ಒಳ್ಳೆಯದು.

ಈಗ ಮಚ್ಚೆಯಂತೆ ಕಂಡರೂ ಮಚ್ಚೆ ಅಲ್ಲದವು. ತೆಗೆಸಲು ಬರುವವರಲ್ಲಿ ಬಹಳ ಮಂದಿಗೆ ಇರುವುದು ಇವೇ.

ನಲವತ್ತು ದಾಟಿದ ಹೆಂಗಸರ ಕೆನ್ನೆಯ ಮೇಲೆ, ಕಣ್ಣಿನ ಸುತ್ತ ಸಾಸಿವೆ ಗಾತ್ರದ ಕಪ್ಪು ಕಾಳುಗಳು ಹತ್ತಾರು ಎದ್ದಿರುತ್ತವೆ. ತಾಯಿಗಿದ್ದರೆ ಮಗಳಿಗೂ ಬರುತ್ತವೆ. ಡಾಕ್ಟರು ಇದನ್ನು ಡಿಪಿಎನ್ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಕಪ್ಪು ಮೈಬಣ್ಣದವರಲ್ಲಿ ಹೆಚ್ಚು, ಏನೂ ಅಪಾಯವಿಲ್ಲ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಸಣ್ಣ ತೊಟ್ಟಿನಿಂದ ಜೋತುಬಿದ್ದ ಮೆತ್ತನೆಯ ಗಂಟುಗಳು ಇನ್ನೊಂದು ಬಗೆ. ಇವಕ್ಕೆ ಸ್ಕಿನ್ ಟ್ಯಾಗ್ ಎಂಬ ಹೆಸರು. ಮೈತೂಕ ಹೆಚ್ಚಿದವರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇರುವವರಲ್ಲಿ ಇವು ಜಾಸ್ತಿ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದು, ಅದರ ಜೊತೆಗೆ ಈ ಗಂಟುಗಳೂ ಇದ್ದರೆ, ಗಂಟು ತೆಗೆಸುವ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಗಂಟು ಹೋದರೂ ಕಾರಣ ಉಳಿದರೆ ಅವು ಮತ್ತೆ ಬರುತ್ತವೆ.

ನರಹುಲಿ ವೈರಸ್ಸಿನಿಂದ ಬರುವಂಥದ್ದು. ಮೇಲ್ಮೈ ಒರಟು, ಕೈಬೆರಳು, ಮೊಣಕಾಲು, ಅಂಗಾಲಿನಲ್ಲಿ ಹೆಚ್ಚು. ಕೆರೆದುಕೊಂಡರೆ, ಕ್ಷೌರದ ಬ್ಲೇಡು ತಾಗಿದರೆ ಪಕ್ಕಕ್ಕೆ ಹರಡುತ್ತದೆ, ಮನೆಯ ಮಂದಿಗೂ ಹತ್ತಬಹುದು. ಮಚ್ಚೆ ಹಾಗೆ ಯಾರಿಗೂ ಅಂಟುವುದಿಲ್ಲ. ಇನ್ನು ಕಣ್ಣಿನ ಸುತ್ತ, ಹಣೆಯ ಒಂದೇ ಬದಿಗೆ ನೀಲಿ-ಬೂದು ಛಾಯೆ ಇದ್ದರೆ ಅದು ಆಳದ ಹುಟ್ಟುಗಲೆ. ಅದಕ್ಕೆ ಲೇಸರ್ ಬಿಟ್ಟರೆ ಚಾಕುವಿನ ದಾರಿಯಿಲ್ಲ, ಅದೂ ಹಲವು ಸಲ ಮಾಡಿಸಬೇಕು.

ಈ ಕೊನೆಯದು ಮಾತ್ರ ಎಚ್ಚರಿಕೆಯಿಂದ ಕೇಳಿ. ಮೂಗು, ಕಣ್ಣಿನ ಕೆಳರೆಪ್ಪೆ, ಕೆನ್ನೆಯ ಮೇಲೆ ವಯಸ್ಸಾದವರಿಗೆ ಹೊಳಪಿನ ಅಂಚಿನ ಕಪ್ಪು ಗುಳ್ಳೆ ಎದ್ದು, ನಡುವೆ ಗುಳಿ ಬಿದ್ದು, ಆಗಾಗ ಹೆಪ್ಪುಗಟ್ಟಿ ಉದುರಿ ಮತ್ತೆ ಹುಣ್ಣಾಗುತ್ತಿದ್ದರೆ ಅದು ಬೇಸಲ್ ಸೆಲ್ ಕ್ಯಾನ್ಸರ್ ಇರಬಹುದು. ಬಿಳಿ ತೊಗಲಿನವರಲ್ಲಿ ಇದು ಕೆಂಪಗೆ ಕಾಣುತ್ತದೆ. ನಮ್ಮಂಥ ಮೈಬಣ್ಣದವರಲ್ಲಿ ಕಪ್ಪಗೆ ಇರುವುದರಿಂದ ಥೇಟ್ ಮಚ್ಚೆಯೆಂದೇ ಮೋಸ ಹೋಗುತ್ತೇವೆ. ದೂರದ ಅಂಗಗಳಿಗೆ ಹರಡುವುದು ತೀರಾ ಅಪರೂಪ, ಆದರೆ ಬಿಟ್ಟರೆ ಮೂಗು, ರೆಪ್ಪೆಯನ್ನೇ ತಿಂದುಹಾಕುತ್ತದೆ. ಬೇಗ ಬಂದರೆ ಕತ್ತರಿಸಿ ಪೂರ್ತಿ ಗುಣ ಮಾಡಬಹುದು.

ಹೆಜ್ಜೆ 2: ಮೈಯೆಲ್ಲ ನೋಡಿಕೊಳ್ಳಿ, ಅಂಗಾಲಿನಿಂದ ಶುರು ಮಾಡಿ

ಮಚ್ಚೆಯ ಕ್ಯಾನ್ಸರಿಗೆ ಮೆಲನೋಮ ಎಂದು ಹೆಸರು. ನಮ್ಮ ದೇಶದಲ್ಲಿ ಇದು ಅಪರೂಪ. ಮೆಲನಿನ್ ಹೆಚ್ಚಿರುವ ಚರ್ಮ ಬಿಸಿಲಿನ ಹಾನಿಯನ್ನು ಬಹುಪಾಲು ತಡೆಯುತ್ತದೆ. ಆದರೆ ನಮ್ಮವರಿಗೆ ಮೆಲನೋಮ ಬಂದಾಗ ಅದು ಬಿಸಿಲು ಬೀಳುವ ಮುಖ, ಬೆನ್ನಿಗಿಂತ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದೇ ಹೆಚ್ಚು. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ ಆದದ್ದೂ ಇದೇ. ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗಿನ ಕಲೆಯನ್ನು ಫುಟ್‌ಬಾಲ್ ಪೆಟ್ಟೆಂದುಕೊಂಡಿದ್ದರು. 1977ರಲ್ಲಿ ಮೆಲನೋಮ ಎಂದು ಗೊತ್ತಾಯಿತು. 1981ರಲ್ಲಿ, ಮೂವತ್ತಾರರ ವಯಸ್ಸಿಗೆ ತೀರಿಕೊಂಡರು.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳಲ್ಲಿ ಬರಿಗಾಲಲ್ಲಿ ನಾಟಿ ಮಾಡುವವರ ಪಾದ ನೋಡಿ: ಬಿರುಕು, ಆಣಿ, ಮುಳ್ಳಿನ ಗುರುತು, ಕೆಸರಿನ ಕಲೆ. ಇದರ ನಡುವೆ ಒಂದು ಕಪ್ಪು ಮಚ್ಚೆ ಅಡಗಿ ಕೂರುವುದು ಬಹಳ ಸುಲಭ. ನಮ್ಮಲ್ಲಿಗೆ ಬಂದ ಒಬ್ಬ ಅಜ್ಜಿಯ ಹಿಮ್ಮಡಿಯಲ್ಲಿ ಎರಡು ಬೆರಳಗಲದ ಕಪ್ಪು ಕಲೆ ಇತ್ತು. ಡಾಕ್ಟರು ಕೇಳಿದರು, "ಯಮ್ಮಾ, ಇದು ಯಾವಾಗಿಂದ ಐತಿ?" "ಜಾಲಿಮುಳ್ಳು ಚುಚ್ಚಿತ್ರಿ ಸಾಹೇಬ್ರ, ಎರಡು ಮಳಿಗಾಲ ಆತು. ಮುಳ್ಳು ಹೊರಗ ಬಂತು, ಕರೀದು ಹೋಗ್ಲಿಲ್ಲ." ಡಾಕ್ಟರು ಹಿಮ್ಮಡಿಗೆ ಜೆಲ್ ಹಚ್ಚಿ ಡರ್ಮೋಸ್ಕೋಪ್ ಇಟ್ಟರು. ಅದು ಬೆಳಕು ಬಿಟ್ಟು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಯಳತೆಯ ಮಸೂರ. ಅಂಗಾಲಿನ ಗೆರೆಗಳು ಅದರಲ್ಲಿ ಹೊಲದ ಬೋದು ಮತ್ತು ಸಾಲಿನಂತೆ ಕಾಣುತ್ತವೆ. ಸಾಧಾರಣ ಮಚ್ಚೆಯ ಬಣ್ಣ ಸಾಲಿನ ತಗ್ಗಿನಲ್ಲಿ ಹರಿದಿರುತ್ತದೆ. ಅಜ್ಜಿಯ ಕಾಲಿನಲ್ಲಿ ಬಣ್ಣ ಬೋದಿನ ಮೇಲೆಯೇ ಹರಡಿತ್ತು. ಕ್ಯಾನ್ಸರಿನ ಬಲವಾದ ಸುಳಿವು ಅದು. ತುಂಡಿನ ಪರೀಕ್ಷೆಯಲ್ಲೂ (ಬಯಾಪ್ಸಿಯಲ್ಲೂ) ಮೆಲನೋಮ ಎಂದೇ ಬಂತು.

ಆದ್ದರಿಂದ ತಿಂಗಳಿಗೊಮ್ಮೆ, ತಲೆಸ್ನಾನದ ದಿನ, ಕಾಲನ್ನು ಚೆನ್ನಾಗಿ ಉಜ್ಜಿ ತೊಳೆದ ಮೇಲೆ ಹಗಲ ಬೆಳಕಿನಲ್ಲಿ ಕೂತು ನೋಡಿ. ಎರಡೂ ಅಂಗಾಲು, ಬೆರಳ ಸಂದಿ, ಹಿಮ್ಮಡಿಯ ಅಂಚು. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿಯಿರಿ, ಅಥವಾ ಮೊಮ್ಮಗಳ ಕೈಗೆ ಫೋನು ಕೊಟ್ಟು ಫೋಟೊ ತೆಗೆಸಿ. ಆಮೇಲೆ ಅಂಗೈ. ಮೆಹಂದಿ ಹಾಕಿಸಿಕೊಳ್ಳುವ ಮುಂಚೆ ನೋಡಿ, ಹಾಕಿದ ಮೇಲೆ ಏನೂ ಕಾಣುವುದಿಲ್ಲ. ಆಮೇಲೆ ಇಪ್ಪತ್ತೂ ಉಗುರು, ನೇಲ್ ಪಾಲಿಶ್ ತೆಗೆದು. ಬೆನ್ನು, ನೆತ್ತಿ, ಕಿವಿಯ ಹಿಂಭಾಗವನ್ನು ಮನೆಯವರಿಂದ ನೋಡಿಸಿ.

ಉಗುರಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಉದ್ದುದ್ದ ಕಂದು ಗೆರೆಗಳು ಹಲವು ಉಗುರುಗಳಲ್ಲಿ ಇರುವುದು ನಮ್ಮ ಮೈಬಣ್ಣದವರಲ್ಲಿ ಸಾಮಾನ್ಯ, ತೊಂದರೆಯಿಲ್ಲ. ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ ಹೊಸದಾಗಿ ಕಪ್ಪು ಗೆರೆ ಬಂದು, 3 ಮಿಲಿಮೀಟರಿಗಿಂತ ಅಗಲವಾಗಿದ್ದರೆ ಅಥವಾ ಬುಡದ ಕಡೆ ಹಿಗ್ಗುತ್ತಾ ಹೋದರೆ, ಇಲ್ಲವೇ ಕಪ್ಪು ಬಣ್ಣ ಉಗುರನ್ನು ದಾಟಿ ಸುತ್ತಲಿನ ಚರ್ಮಕ್ಕೂ ಇಳಿದರೆ ತಡ ಮಾಡಬೇಡಿ. ಪೆಟ್ಟು ಬಿದ್ದು ಉಗುರಿನ ಕೆಳಗೆ ರಕ್ತ ಕಟ್ಟಿದ್ದರೂ ಕಪ್ಪಗೇ ಕಾಣುತ್ತದೆ. ಅದನ್ನು ಹೀಗೆ ಗುರುತಿಸಬಹುದು: ರಕ್ತದ ಕಲೆ ಉಗುರಿನ ಜೊತೆ ಮುಂದೆ ಸರಿಯುತ್ತದೆ, ಅದರ ಹಿಂದೆ ತಿಳಿ ಉಗುರು ಹುಟ್ಟಿ ಬರುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಕಾಲಿನ ಉಗುರು 1 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ಒಂದೆರಡು ತಿಂಗಳ ಅಂತರದ ಫೋಟೊಗಳಲ್ಲಿ ಕಲೆ ಬುಡ ಬಿಟ್ಟು ಸರಿದಿದೆಯೇ ನೋಡಿ. ಸರಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಫೋಟೊ ತೆಗೆಯುವಾಗ ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನು ಮಚ್ಚೆಯ ಪಕ್ಕ ಇಡಿ. ಬೆಳೆದಿದೆಯೋ ಇಲ್ಲವೋ ಎಂಬ ವಾದವೇ ಉಳಿಯುವುದಿಲ್ಲ.

ಹೆಜ್ಜೆ 3: ಅನುಮಾನದ ಲಕ್ಷಣಗಳು

ಮಚ್ಚೆಯ ನಡುವೆ ಒಂದು ಗೆರೆ ಎಳೆದಂತೆ ಊಹಿಸಿ. ಎರಡು ಅರ್ಧ ಒಂದೇ ತರಹ ಇಲ್ಲದಿದ್ದರೆ, ಅಂಚು ಹರಿದ ಬಟ್ಟೆಯ ಹಾಗೆ ಅಂಕುಡೊಂಕಾಗಿದ್ದರೆ, ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ಕೆಂಪು, ಬೂದು ಬಣ್ಣ ಕಲಸಿದ್ದರೆ, ಅಡ್ಡಳತೆ 6 ಮಿ.ಮೀ.ಗಿಂತ ಹೆಚ್ಚಿದ್ದರೆ, ಅಥವಾ ವಾರ-ತಿಂಗಳುಗಳಲ್ಲಿ ಬದಲಾಗುತ್ತಿದ್ದರೆ ಅದನ್ನು ತೋರಿಸಬೇಕು. ಇವುಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಕೊನೆಯದನ್ನು. ದೊಡ್ಡದಾದರೂ ಇಪ್ಪತ್ತು ವರ್ಷದಿಂದ ಹಾಗೇ ಇರುವ ಮಚ್ಚೆಗಿಂತ, ಸಣ್ಣದಾದರೂ ಮೂರು ತಿಂಗಳಲ್ಲಿ ರೂಪ ಬದಲಿಸಿದ ಮಚ್ಚೆಗೆ ಹೆಚ್ಚು ಹೆದರಬೇಕು.

ತಾನಾಗಿ ರಕ್ತ ಒಸರುವುದು, ತುರಿಕೆ, ನೋವು, ಮಾಯದ ಹುಣ್ಣು, ಸುತ್ತ ಹೊಸ ಚುಕ್ಕಿಗಳು ಏಳುವುದು, ತೊಡೆಸಂದಿ ಅಥವಾ ಕಂಕುಳಲ್ಲಿ ಗಡ್ಡೆ ಕಟ್ಟುವುದು ಇವೂ ಸೇರುತ್ತವೆ. ನಿಮ್ಮ ಮೈಮೇಲಿನ ಉಳಿದೆಲ್ಲ ಮಚ್ಚೆಗಳಿಗಿಂತ ಒಂದು ಮಾತ್ರ ಬೇರೆಯಾಗಿ ಕಂಡರೆ ಅದನ್ನು ತೋರಿಸಿ. ನಲವತ್ತು ದಾಟಿದ ಮೇಲೆ ಹೊಸದಾಗಿ ಬಂದ ಮಚ್ಚೆಯನ್ನೂ ತೋರಿಸಿ. ಬಸುರಿನಲ್ಲಿ ಮಚ್ಚೆಗಳು ಸ್ವಲ್ಪ ಕಪ್ಪಾಗುವುದುಂಟು. ಚಂದಕ್ಕಾಗಿ ತೆಗೆಸುವುದಾದರೆ ಹೆರಿಗೆಯ ತನಕ ಕಾಯಿರಿ. ಮೇಲಿನ ಲಕ್ಷಣ ಇದ್ದರೆ ಮಾತ್ರ ಬಸುರಿಯಾದರೂ ಕಾಯಬಾರದು.

ಹುಟ್ಟಿನಿಂದಲೇ ಅಂಗೈಯಗಲದ, ಕೂದಲಿರುವ ಕಪ್ಪು ಮಚ್ಚೆ ಇರುವ ಕೂಸನ್ನು ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದಂತೆ ವರ್ಷವರ್ಷ ಕರೆದೊಯ್ಯಿರಿ. ಗ್ರಹಣದಲ್ಲಿ ತಾಯಿ ಏನೋ ಮುಟ್ಟಿದ್ದಕ್ಕೆ ಬಂತೆಂದು ಆ ತಾಯಿಯನ್ನು ನೋಯಿಸುವವರು ಇನ್ನೂ ಇದ್ದಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ತಾಯಿಯ ತಪ್ಪು ಎಳ್ಳಷ್ಟೂ ಇಲ್ಲ.

ಹೆಜ್ಜೆ 4: ಮನೆಯಲ್ಲಿ, ಸಂತೆಯಲ್ಲಿ, ಪಾರ್ಲರಿನಲ್ಲಿ ತೆಗೆಸಬೇಡಿ

ಎಲೆಯಡಿಕೆಯ ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಮಚ್ಚೆಯ ಮೇಲೆ ಇಡುವುದು ನಮ್ಮ ಊರುಗಳಲ್ಲಿ ಹಳೆಯ ಪದ್ಧತಿ. ಇವೆರಡೂ ಸೇರಿದರೆ ತೀಕ್ಷ್ಣವಾದ ಕ್ಷಾರ ಆಗುತ್ತದೆ. ಆಸಿಡ್ ಬಿದ್ದರೆ ಚರ್ಮ ಕೂಡಲೇ ಉರಿಯುತ್ತದೆ, ತೊಳೆದುಕೊಳ್ಳುತ್ತೇವೆ. ಕ್ಷಾರ ಮೊದಲು ಅಷ್ಟಾಗಿ ಗೊತ್ತಾಗದೆ ಒಳಗೊಳಗೇ ಇಳಿಯುತ್ತಾ ಹೋಗುತ್ತದೆ. ಮರುದಿನ ಮಚ್ಚೆ ಕರಕಲಾಗಿ ಉದುರಿತೆಂದು ಖುಷಿ. ಅದರ ಜಾಗದಲ್ಲಿ ಉಳಿಯುವುದು ಗುಳಿ, ಅದರ ಸುತ್ತ ಕಪ್ಪು ವರ್ತುಲ. ಕಣ್ಣಿನ ಹತ್ತಿರ ಹಚ್ಚಿದರೆ ದೃಷ್ಟಿಗೇ ಕುತ್ತು. ಕೇರುಬೀಜದ ಎಣ್ಣೆ, ಗೋಡಂಬಿ ಸಿಪ್ಪೆಯ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಬಾತ್‌ರೂಮ್ ತೊಳೆಯುವ ಆಸಿಡ್, ಉರಿಯುವ ಊದಿನಕಡ್ಡಿ ಎಲ್ಲವೂ ಸುಡುವಂಥವೇ. ಕುದುರೆ ಬಾಲದ ಕೂದಲನ್ನೋ ದಾರವನ್ನೋ ಬಿಗಿದರೆ ತೊಟ್ಟಿನ ಗಂಟು ಒಣಗಿ ಬೀಳಬಹುದು, ಕೀವಾಗಲೂಬಹುದು. ಸಕ್ಕರೆ ಕಾಯಿಲೆಯವರಿಗೆ ಇದು ದೊಡ್ಡ ಹುಣ್ಣಿಗೆ ದಾರಿ.

ಸಂತೆ, ಜಾತ್ರೆಗಳಲ್ಲಿ ಕೂತು ಸೂಜಿಯಿಂದ, ಔಷಧಿಯಿಂದ ಮಚ್ಚೆ ತೆಗೆಯುವವರ ಬಳಿ ಒಂದೇ ಸೂಜಿ ಹಲವರ ರಕ್ತ ಮುಟ್ಟುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ ಹೀಗೂ ಅಂಟಬಹುದು. ಆನ್‌ಲೈನಿನಲ್ಲಿ ಸಿಗುವ, ಕಿಡಿಯಿಂದ ಚರ್ಮ ಸುಡುವ ಪ್ಲಾಸ್ಮಾ ಪೆನ್ನು ಹಿಡಿದು ಕೆಲವು ಪಾರ್ಲರುಗಳು ಇದೇ ಕೆಲಸ ಮಾಡುತ್ತಿವೆ. ಮಚ್ಚೆ ಉದುರಿಸುವ ಮುಲಾಮು, ಡ್ರಾಪ್ಸ್ ಮಾರುವವರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಕೆಯ ಪತ್ರ ಬರೆದು, ಮಚ್ಚೆ ಹಾಗೂ ಸ್ಕಿನ್ ಟ್ಯಾಗಿಗೆ ಚೀಟಿಯಿಲ್ಲದೆ ಮಾರಲು ತಾನು ಯಾವ ಔಷಧಿಗೂ ಒಪ್ಪಿಗೆ ಕೊಟ್ಟಿಲ್ಲ ಎಂದಿತು. ಮೆಡಿಕಲ್ ಶಾಪಿನ ಸ್ಯಾಲಿಸಿಲಿಕ್ ಆಸಿಡ್ ಇರುವುದು ಆಣಿಗೆ, ಕೈಕಾಲಿನ ನರಹುಲಿಗೆ. ಮಚ್ಚೆಗೆ ಹಚ್ಚಬಾರದು.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಲೆಯೊಂದೇ ಕಾರಣವಲ್ಲ. ಸುಟ್ಟ ಮಚ್ಚೆ ಕ್ಯಾನ್ಸರ್ ಆಗಿದ್ದರೆ ಮೇಲ್ಭಾಗ ಹೋಗಿ ಬೇರು ಒಳಗೆ ಉಳಿಯುತ್ತದೆ, ಮೇಲೆ ಚರ್ಮ ಮುಚ್ಚಿಕೊಳ್ಳುತ್ತದೆ. ಎಲ್ಲರೂ ವಾಸಿಯಾಯಿತು ಅಂದುಕೊಂಡಿರುವಾಗ ಅದು ಕೆಳಗೆ ಬೆಳೆಯುತ್ತಿರುತ್ತದೆ. "ಚಾಕು ತಾಗಿದರೆ ಮಚ್ಚೆ ಕ್ಯಾನ್ಸರ್ ಆಗುತ್ತದೆ" ಎಂಬ ಮಾತು ಹುಟ್ಟಿದ್ದು ಬಹುಶಃ ಇಂಥ ಪ್ರಸಂಗಗಳಿಂದಲೇ. ಚಾಕು ಕ್ಯಾನ್ಸರ್ ತರುವುದಿಲ್ಲ. ಮೊದಲೇ ಇದ್ದದ್ದನ್ನು ಅರ್ಧ ತೆಗೆದು ಬಿಟ್ಟರೆ ಅನಾಹುತ.

ಹೆಜ್ಜೆ 5: ಯಾರ ಹತ್ತಿರ ಹೋಗಬೇಕು

ಚರ್ಮ ತಜ್ಞರ ಬೋರ್ಡಿನಲ್ಲಿ ಎಂ.ಬಿ.ಬಿ.ಎಸ್. ನಂತರ ಡರ್ಮಟಾಲಜಿಯಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಇರಬೇಕು. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲೆ ಕಾಣಬೇಕು. ಕೇಳಲು ಸಂಕೋಚ ಬೇಡ, ನಿಮ್ಮ ಮುಖದ ವಿಷಯ.

ಸರ್ಕಾರಿ ಕಡೆ ಹೋಗುವುದಾದರೆ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ: ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿಯದು, ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಚರ್ಮರೋಗ, ಶಸ್ತ್ರಚಿಕಿತ್ಸೆ, ತುಂಡು ಪರೀಕ್ಷಿಸುವ ಪೆಥಾಲಜಿ ಮೂರೂ ಒಂದೇ ಕಡೆ ಇರುವುದು ಮೆಡಿಕಲ್ ಕಾಲೇಜಿನ ದೊಡ್ಡ ಅನುಕೂಲ. ಕುಷ್ಟಗಿ, ಲಿಂಗಸುಗೂರು, ಸಂಡೂರಿನಿಂದ ಒಂದು ದಿನದ ಕೂಲಿ ಬಿಟ್ಟು ಬರುವವರು ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಚರ್ಮದ ಓಪಿಡಿ ಯಾವ ದಿನ ಎಂದು ವಿಚಾರಿಸಿಕೊಂಡು ಹೊರಡಿ. ಅಲ್ಲಿಂದಲೇ ಇ-ಸಂಜೀವನಿ ಎಂಬ ಸರ್ಕಾರಿ ಆನ್‌ಲೈನ್ ವೈದ್ಯ ಸೇವೆಯಲ್ಲಿ ತಜ್ಞರಿಗೆ ಫೋಟೊ ತೋರಿಸಲೂ ಬರುತ್ತದೆ. ಅಂಗಾಲು, ಉಗುರಿನ ಅನುಮಾನಕ್ಕೆ ಮಾತ್ರ ಫೋಟೊ ಸಾಲದು, ನೇರವಾಗಿ ಹೋಗಲೇಬೇಕು.

ಹೋಗುವಾಗ ಮುಖಕ್ಕೆ ಪೌಡರ್, ಕಾಡಿಗೆ, ಉಗುರಿಗೆ ಬಣ್ಣ ಬೇಡ. ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹೇಳಿ, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದ್ದರೆ ಹೇಳಿ, ಕರೆಂಟಿನಿಂದ ಸುಡುವ ವಿಧಾನವನ್ನು ಆಗ ಬದಲಿಸಬೇಕಾಗುತ್ತದೆ. ಹಲ್ಲು ಕೀಳಿಸುವಾಗ ಮರಗಟ್ಟಿಸುವ ಇಂಜೆಕ್ಷನ್ನಿನಿಂದ ತೊಂದರೆ ಆಗಿತ್ತೇ ಎಂಬುದನ್ನೂ, ಕಿವಿ-ಮೂಗು ಚುಚ್ಚಿಸಿದ ಜಾಗದಲ್ಲಿ ಗಟ್ಟಿ ಗಡ್ಡೆ ಬೆಳೆದಿತ್ತೇ ಎಂಬುದನ್ನೂ ಹೇಳಿ. ಗಡ್ಡೆ ಬೆಳೆದಿದ್ದರೆ ನಿಮ್ಮದು ಕೀಲಾಯ್ಡ್ ಚರ್ಮ. ಎದೆ, ಭುಜ, ಕಿವಿಯ ಮಚ್ಚೆಯನ್ನು ಚಂದಕ್ಕಾಗಿ ಮುಟ್ಟದಿರುವುದೇ ಲೇಸು. ಮಚ್ಚೆ ಇದ್ದ ಜಾಗದಲ್ಲಿ ಅದರ ನಾಲ್ಕು ಪಟ್ಟಿನ ಗಡ್ಡೆ ಬಂದು ಅಳುವವರನ್ನು ನೋಡಿದ್ದೇನೆ.

ಹೆಜ್ಜೆ 6: ಯಾವುದಕ್ಕೆ ಯಾವ ವಿಧಾನ

ಎಲ್ಲಕ್ಕಿಂತ ಮೊದಲು: ತೆಗೆಸದೇ ಇರುವುದೂ ಒಂದು ಆಯ್ಕೆ, ಬಹುಪಾಲು ಮಚ್ಚೆಗಳಿಗೆ ಅದೇ ಸರಿ. ಅದೃಷ್ಟದ ಮಚ್ಚೆ, ದರಿದ್ರದ ಮಚ್ಚೆ ಎಂದು ಶಾಸ್ತ್ರ ಹೇಳುವವರ ಮಾತಿನ ಮೇಲೆ ತೆಗೆಸಲೂ ಬೇಡಿ, ಅನುಮಾನದ ಮಚ್ಚೆಯನ್ನು ಉಳಿಸಿಕೊಳ್ಳಲೂ ಬೇಡಿ.

ಸ್ಕಿನ್ ಟ್ಯಾಗ್ ಮತ್ತು ಡಿಪಿಎನ್ ಕಾಳುಗಳಿಗೆ ಕರೆಂಟಿನಿಂದ ಸುಡುವ ರೇಡಿಯೊಫ್ರೀಕ್ವೆನ್ಸಿ ಕಾಟರಿ ಸಾಕು. ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಟ್ಟು, ಒಂದೊಂದನ್ನೇ ಮೆಲ್ಲಗೆ ಮುಟ್ಟಿಸಿ ತೆಗೆಯುತ್ತಾರೆ. ಇಲ್ಲಿ ಆಳಕ್ಕೆ ಹೋಗಬಾರದು. ಆಳ ಹೋದರೆ ನಮ್ಮ ಮೈಬಣ್ಣದಲ್ಲಿ ಬಿಳಿ ಗುಳಿಯೋ ಕಪ್ಪು ಕಲೆಯೋ ಉಳಿಯುತ್ತದೆ. ಮುಖದ ತುಂಬ ಕಾಳುಗಳಿದ್ದರೆ ಒಂದೇ ದಿನ ಎಲ್ಲವನ್ನೂ ತೆಗೆಸದೆ, ಮೊದಲು ಕಿವಿಯ ಹತ್ತಿರದ ಒಂದೆರಡನ್ನು ತೆಗೆಸಿ ಅದು ಹೇಗೆ ಮಾಯುತ್ತದೆ ಎಂದು ನೋಡಿ ಮುಂದುವರಿಯಲು ಕೇಳಿ.

ಉಬ್ಬಿದ ಮೆತ್ತನೆಯ ಮಚ್ಚೆಯನ್ನು ಬ್ಲೇಡಿನಿಂದ ಚರ್ಮದ ಮಟ್ಟಕ್ಕೆ ಸವರಿ ತೆಗೆಯಬಹುದು. ಹೊಲಿಗೆ ಬೇಡ, ಕಲೆ ಕಡಿಮೆ. ಆದರೆ ಬುಡ ಒಳಗೇ ಇರುವುದರಿಂದ ಮತ್ತೆ ಕಪ್ಪು ಚುಕ್ಕಿ ಮರಳಬಹುದು. ಸಣ್ಣ ದುಂಡು ಮಚ್ಚೆಗೆ ಪಂಚ್ ಎಂಬ ದುಂಡು ಬ್ಲೇಡನ್ನು ತಿರುಗಿಸಿ ಬುಡಸಮೇತ ಎತ್ತಿ, ಒಂದೆರಡು ಹೊಲಿಗೆ ಹಾಕುತ್ತಾರೆ. ದೊಡ್ಡ ಮಚ್ಚೆಗೆ, ಅನುಮಾನದ ಮಚ್ಚೆಗೆ ಎರಡೂ ತುದಿ ಚೂಪಾಗಿ ಬರುವಂತೆ ಉದ್ದಕ್ಕೆ ಕತ್ತರಿಸಿ ಹೊಲಿಯುತ್ತಾರೆ. ಚರ್ಮ ಮುದುರದೆ ಕೂರಲು ಗೆರೆ ಮಚ್ಚೆಯ ಅಗಲದ ಸುಮಾರು ಮೂರು ಪಟ್ಟು ಉದ್ದ ಇರಬೇಕಾಗುತ್ತದೆ. ಅಂದರೆ 5 ಮಿ.ಮೀ. ಮಚ್ಚೆಗೆ 15 ಮಿ.ಮೀ. ಗೆರೆ. ಇದನ್ನು ಮೊದಲೇ ತಿಳಿದಿದ್ದರೆ ಹೊಲಿಗೆ ನೋಡಿದಾಗ ಗಾಬರಿ ಆಗುವುದಿಲ್ಲ.

ಲೇಸರ್ ಎಂದರೆ ಎಲ್ಲದಕ್ಕಿಂತ ಮೇಲು ಎಂಬ ನಂಬಿಕೆ ಇದೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಮಚ್ಚೆಯನ್ನು ಆವಿ ಮಾಡಿಬಿಡುತ್ತದೆ. ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ತಜ್ಞರು ಡರ್ಮೋಸ್ಕೋಪಿನಲ್ಲಿ ನೋಡಿ ಸಾಧಾರಣ ಮಚ್ಚೆ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಲೇಸರ್. ಲವಲೇಶ ಅನುಮಾನವಿದ್ದರೂ ಕತ್ತರಿಸಿಯೇ ತೆಗೆಸಿ. "ಬಯಾಪ್ಸಿಗೆ ಕಳಿಸ್ತೀರಾ ಸಾರ್? ಎಲ್ಲ ಸೇರಿ ಎಷ್ಟಾಗುತ್ತೆ?" ಈ ಎರಡು ಪ್ರಶ್ನೆ ಕೇಳದೆ ಮೇಜಿನ ಮೇಲೆ ಮಲಗಬೇಡಿ.

ಹೆಜ್ಜೆ 7: ತೆಗೆಸುವ ದಿನ

ಉಪವಾಸ ಬರಬೇಕಿಲ್ಲ, ನಾಷ್ಟಾ ಮಾಡಿಯೇ ಬನ್ನಿ. ಹೊಟ್ಟೆ ಖಾಲಿ ಇದ್ದು ರಕ್ತ ನೋಡಿ ತಲೆಸುತ್ತಿ ಬೀಳುವವರೇ ಹೆಚ್ಚು. ಒಪ್ಪಿಗೆ ಪತ್ರವನ್ನು ಓದಿಸಿಕೊಂಡು ಸಹಿ ಮಾಡಿ. ಜಾಗವನ್ನು ಸ್ವಚ್ಛ ಮಾಡಿ, ಪೆನ್ನಿನಿಂದ ಗುರುತು ಹಾಕಿ, ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಕೊಡುತ್ತಾರೆ. ನೋವಾಗುವುದು ಆ ಚುಚ್ಚಿನದು ಮಾತ್ರ, ಚೇಳು ಕುಟುಕಿದ ಹಾಗೆ ಚುರ್ ಎಂದು ಕೆಲವು ಸೆಕೆಂಡು. ಆಮೇಲೆ ಎಳೆದದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಒಂದು ಮಚ್ಚೆಗೆ ಹದಿನೈದು ಇಪ್ಪತ್ತು ನಿಮಿಷ.

ತೆಗೆದ ತುಂಡನ್ನು ನಾನು ಚಿಮಟದಲ್ಲಿ ಹಿಡಿದು, ತುಂಡು ಕೆಡದಂತೆ ಕಾಯುವ ಫಾರ್ಮಲಿನ್ ತುಂಬಿದ ಸಣ್ಣ ಡಬ್ಬಿಗೆ ಹಾಕುತ್ತೇನೆ. ಬೇಳೆಕಾಳಿನಷ್ಟು ಚರ್ಮ, ನಡುವೆ ಕಪ್ಪು, ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ. ಮುಚ್ಚಳಕ್ಕೆ ಬರೆಯುವುದಿಲ್ಲ, ಮುಚ್ಚಳ ಅದಲುಬದಲಾಗಬಹುದು. ಡಬ್ಬಿಯ ಮೈಗೆ ಹೆಸರು, ವಯಸ್ಸು, ಓಪಿಡಿ ನಂಬರ್, ಯಾವ ಜಾಗ, ಎಡವೋ ಬಲವೋ ಎಂದು ಬರೆದು, ರೋಗಿಗೇ ತೋರಿಸಿ ಓದಿಸುತ್ತೇನೆ. ನಿಮ್ಮ ಡಬ್ಬಿಯನ್ನು ನೀವೂ ಕೇಳಿ ನೋಡಿ, ಹೆಸರು ಸರಿಯಿದೆಯೇ ಎಂದು. ಲ್ಯಾಬಿಗೆ ನೀವೇ ಒಯ್ಯಬೇಕಾಗಿ ಬಂದರೆ ಬಿಸಿಲಿಗೆ ಇಡದೆ, ನೀರಿಗೆ ಬದಲಿಸದೆ, ಅದೇ ದಿನ ಮುಟ್ಟಿಸಿ. ವರದಿಗೆ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ ಹಿಡಿಯುತ್ತದೆ.

ಹೆಜ್ಜೆ 8: ನಮ್ಮ ಬಿಸಿಲಿನಲ್ಲಿ ಗಾಯ ಮಾಯಿಸುವುದು

ರಾಯಚೂರಿನ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಬಳ್ಳಾರಿಯೂ ಕಡಿಮೆಯಿಲ್ಲ. ಬೆವರು, ಧೂಳು ಎರಡೂ ಗಾಯಕ್ಕೆ ಆಗುವುದಿಲ್ಲ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಚಂದದ ಮಚ್ಚೆಯನ್ನು ಚಳಿಗಾಲದಲ್ಲಿ ತೆಗೆಸಿ. ಮದುವೆಗೆ ಕನಿಷ್ಠ ಮೂರು ತಿಂಗಳು ಮುಂಚೆ ಮುಗಿಸಿ, ಏಕೆಂದರೆ ಗಾಯ ಬೇಗ ಮುಚ್ಚಿದರೂ ಅದರ ಕೆಂಪು-ಕಪ್ಪು ಛಾಯೆ ಇಳಿಯಲು ತಿಂಗಳುಗಳೇ ಬೇಕು.

ಮೊದಲ ದಿನ ಪಟ್ಟಿ ಒದ್ದೆ ಮಾಡಬೇಡಿ. ಮರುದಿನದಿಂದ ಸಾಬೂನು ನೀರಿನಲ್ಲಿ ಮೆಲ್ಲಗೆ ತೊಳೆದು, ಒತ್ತಿ ಒರಸಿ, ವ್ಯಾಸಲಿನ್ ಅಥವಾ ಡಾಕ್ಟರು ಬರೆದ ಮುಲಾಮು ಹಚ್ಚಿ ಮುಚ್ಚಿಡಿ. ಹಸಿಯಾಗಿಟ್ಟ ಗಾಯ ಒಣಗಿದ ಗಾಯಕ್ಕಿಂತ ಚೆನ್ನಾಗಿ ಮಾಯುತ್ತದೆ. ಅರಿಶಿನ, ಕಾಫಿಪುಡಿ, ಸುಣ್ಣ, ಬೂದಿ ಯಾವುದೂ ಬೇಡ. ರಕ್ತ ಬಂದರೆ ಸ್ವಚ್ಛ ಬಟ್ಟೆಯಿಂದ ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ನಿಲ್ಲುವುದಿಲ್ಲ. ಕಾಟರಿಯ ಹೆಪ್ಪು ವಾರ ಹತ್ತು ದಿನದಲ್ಲಿ ತಾನೇ ಉದುರುತ್ತದೆ, ಉಗುರು ಹಾಕಿ ಕಿತ್ತರೆ ಗುಳಿ ಖಂಡಿತ.

ಹೊಲಿಗೆ ಬಿಚ್ಚುವುದು ಮುಖದಲ್ಲಾದರೆ 5ರಿಂದ 7 ದಿನಕ್ಕೆ, ಎದೆ-ಬೆನ್ನಿಗೆ 10ರಿಂದ 14 ದಿನಕ್ಕೆ, ಕಾಲಿಗೆ ಸುಮಾರು 14 ದಿನಕ್ಕೆ. ಅಂಗಾಲಿನ ಗಾಯ ಇದ್ದವರು ಹೊಲಿಗೆ ಬಿಚ್ಚುವ ತನಕ ಗದ್ದೆಗೆ ಇಳಿಯಬಾರದು. ಕೂಲಿ ತಪ್ಪುತ್ತದೆ, ನಿಜ, ಆದರೆ ಕೆಸರು ಸೇರಿದ ಹೊಲಿಗೆ ತಿಂಗಳುಗಟ್ಟಲೆ ಮಲಗಿಸುತ್ತದೆ. ಜೀನ್ಸ್ ಕಾರ್ಖಾನೆಯಲ್ಲಿ ಬಣ್ಣ, ಬ್ಲೀಚಿನ ನೀರಿಗೆ ಕೈ ಹಾಕುವವರೂ ಅಷ್ಟು ದಿನ ಬೇರೆ ಕೆಲಸ ಕೇಳಿಕೊಳ್ಳಿ. ನೋವು ದಿನದಿಂದ ದಿನಕ್ಕೆ ಹೆಚ್ಚಾದರೆ, ಸುತ್ತ ಕೆಂಪೇರಿ ಬಿಸಿಯಾದರೆ, ಕೀವು ಅಥವಾ ಜ್ವರ ಬಂದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ಬನ್ನಿ.

ಗಾಯ ಪೂರ್ತಿ ಮುಚ್ಚಿದ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್, ಹೊರಗಿದ್ದಷ್ಟು ಹೊತ್ತೂ ಎರಡು ಗಂಟೆಗೊಮ್ಮೆ. ಅದು ಕೈಗೆಟುಕದಿದ್ದರೆ ಸೆರಗು, ಟವೆಲ್, ಅಗಲ ಅಂಚಿನ ಟೋಪಿ ಇವೂ ಒಳ್ಳೆಯ ಕೆಲಸ ಮಾಡುತ್ತವೆ.

ಹೆಜ್ಜೆ 9: ವರದಿ ಕೈಗೆ ಬಂದ ಮೇಲೆ

ವರದಿ ತರಲು ಮರೆಯುವವರು ಬಹಳ. ಗಾಯ ಮಾಯಿತು, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ದಯವಿಟ್ಟು ತನ್ನಿ, ಡಾಕ್ಟರಿಗೆ ಓದಿಸಿ. ನೀವಸ್ ಎಂದು ಬರೆದಿದ್ದರೆ ಸಾಧಾರಣ ಮಚ್ಚೆ, ನಿಶ್ಚಿಂತೆಯಿಂದಿರಿ.

ಮೆಲನೋಮ ಎಂದು ಬಂದರೆ ವರದಿಯಲ್ಲಿ ಬ್ರೆಸ್ಲೋ ದಪ್ಪ ಎಂಬ ಒಂದು ಅಂಕಿ ಮಿಲಿಮೀಟರಿನಲ್ಲಿ ಇರುತ್ತದೆ. ಕ್ಯಾನ್ಸರ್ ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಅಳತೆ ಅದು, ಮುಂದಿನ ಚಿಕಿತ್ಸೆಯ ಬಹುಪಾಲು ನಿರ್ಧಾರ ಅದರ ಮೇಲೆ. 1 ಮಿ.ಮೀ.ಗಿಂತ ತೆಳುವಾಗಿದ್ದರೆ ಸುತ್ತ 1 ಸೆಂ.ಮೀ. ಆರೋಗ್ಯವಂತ ಚರ್ಮವನ್ನೂ ಸೇರಿಸಿ ಮತ್ತೊಮ್ಮೆ ಕತ್ತರಿಸುತ್ತಾರೆ, ಹೆಚ್ಚಿನವರಿಗೆ ಅಲ್ಲಿಗೇ ಗುಣ. 2 ಮಿ.ಮೀ. ದಾಟಿದರೆ 2 ಸೆಂ.ಮೀ. ಚರ್ಮ ತೆಗೆಯಬೇಕು, ಕಂಕುಳು ಅಥವಾ ತೊಡೆಸಂದಿಯ ಗ್ರಂಥಿಗಳನ್ನೂ ಪರೀಕ್ಷಿಸಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಅಥವಾ ಹತ್ತಿರದ ಕಲಬುರಗಿಯ ಅದರ ಕೇಂದ್ರಕ್ಕೆ ಕಳಿಸಿದರೆ ಹೋಗಿ, ನಾಟಿ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಮುಂದೂಡಬೇಡಿ. ಹಣದ ಚಿಂತೆಗೆ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ಆಧಾರ್, ರೇಷನ್ ಕಾರ್ಡು, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ಬಯಾಪ್ಸಿ ವರದಿ ಜೊತೆಗಿರಲಿ. ಚಂದಕ್ಕಾಗಿ ತೆಗೆಸುವ ಮಚ್ಚೆಗೆ ಈ ಯೋಜನೆ ಅನ್ವಯಿಸುವುದಿಲ್ಲ.

ವರದಿ ಒಳ್ಳೆಯದೇ ಬಂದಿದ್ದರೂ ಎಸೆಯಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆ ಇಡಿ, ಒಂದು ಫೋಟೊ ಫೋನಿನಲ್ಲೂ ಇರಲಿ. ಸವರಿ ತೆಗೆದ ಮಚ್ಚೆಯ ಜಾಗದಲ್ಲಿ ಕೆಲವು ತಿಂಗಳ ನಂತರ ಮತ್ತೆ ಕಪ್ಪು ಬಣ್ಣ ಬರುವುದುಂಟು. ಅದು ಸೂಕ್ಷ್ಮದರ್ಶಕದಲ್ಲೂ ಒಮ್ಮೊಮ್ಮೆ ಮೆಲನೋಮದಂತೆಯೇ ಕಂಡು ಡಾಕ್ಟರನ್ನು ಗೊಂದಲಕ್ಕೆ ಹಾಕುತ್ತದೆ. ಆಗ ಹಳೆಯ ವರದಿಯನ್ನು ಮುಂದಿಟ್ಟರೆ ಬೇಡದ ದೊಡ್ಡ ಆಪರೇಷನ್ ಒಂದು ತಪ್ಪುತ್ತದೆ.